ಯಾವ ಸ್ವರ ಯಾರ ಪಾಲಿಗೆ

ಮೈಲ್ಸ್ ಡೇವಿಸ್ ತಂಡದ 'ಸೋ ವಾಟ್' ಕೇಳಿದವರಿಗೆ ಅದರ ಪಲ್ಲವಿ ಗೊತ್ತಿರುತ್ತದೆ. ಪಾಲ್ ಚೇಂಬರ್ಸ್ ಬಾಸ್‌ನಲ್ಲಿ ಒಂದು ಸಾಲು ನುಡಿಸುತ್ತಾರೆ, ಪಿಯಾನೊ ಎರಡೇ ಏಟಿನಲ್ಲಿ ಉತ್ತರ ಹೇಳಿ ಸುಮ್ಮನಾಗುತ್ತದೆ. ಮುಂದೆ ಊದುವಾದ್ಯಗಳೂ ಆ ಉತ್ತರಕ್ಕೆ ದನಿಗೂಡಿಸುತ್ತವೆ. 1959ರ ಮಾರ್ಚ್ 2ರಂದು ನ್ಯೂಯಾರ್ಕ್‌ನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೊದಲ್ಲಿ ಬಿಲ್ ಎವನ್ಸ್ ಪಿಯಾನೊದಲ್ಲಿ ಕೊಟ್ಟ ಆ ಉತ್ತರಕ್ಕೆ ಜಾಝ್ ಕಲಿಯುವವರು ಇಂದಿಗೂ ಹಾಡಿನ ಹೆಸರನ್ನೇ ಇಟ್ಟು 'ಸೋ ವಾಟ್ ವಾಯ್ಸಿಂಗ್' ಎನ್ನುತ್ತಾರೆ.

ಅದರಲ್ಲಿರುವುದು ಐದು ಸ್ವರ. ಕೆಳಗಿನಿಂದ ಮೇಲೆ ಹೋಗುತ್ತ ಮೊದಲ ಮೂರು ಅಂತರಗಳೂ ಷಡ್ಜದಿಂದ ಶುದ್ಧ ಮಧ್ಯಮಕ್ಕೆ ಇರುವಷ್ಟು. ತುದಿಯ ಅಂತರ ಮಾತ್ರ ಷಡ್ಜದಿಂದ ಅಂತರ ಗಾಂಧಾರಕ್ಕೆ ಇರುವಷ್ಟು. ಹಾಡಿನ ಆಧಾರ ಸ್ವರವನ್ನು 'ಸ' ಎಂದು ಹಿಡಿದರೆ ಮೊದಲ ಏಟು ರಿ-ಪ-ಸ-ಮ-ದ, ಎರಡನೆಯದು ಸ-ಮ-ನಿ-ಗ-ಪ. ಎಲ್ಲವೂ ಖರಹರಪ್ರಿಯದ ಸ್ವರಗಳೇ. ಈ ಎರಡನೆಯ ಗುಂಪಿನ ಐದನ್ನೂ ಒಂದೇ ಸ್ಥಾಯಿಯೊಳಗೆ ಸ-ಗ-ಮ-ಪ-ನಿ ಎಂದು ಪಕ್ಕಪಕ್ಕದಲ್ಲಿ ಒತ್ತಿ ನೋಡಿದರೆ ಬೇರೆಯದೇ ಕೇಳುತ್ತದೆ. ದನಿ ಇಕ್ಕಟ್ಟಾಗುತ್ತದೆ, ಮಧ್ಯದಲ್ಲಿ ಗಾಳಿಯಾಡುವುದಿಲ್ಲ. ಸ್ವರಗಳು ಅವೇ, ಅವನ್ನು ಇಟ್ಟ ಜಾಗ ಮಾತ್ರ ಬೇರೆ.

ಕಾರ್ಡ್‌ನ ಸ್ವರಗಳನ್ನು ಯಾವ ಸ್ಥಾಯಿಯಲ್ಲಿ, ಯಾವ ಕ್ರಮದಲ್ಲಿ, ಎಷ್ಟು ದೂರದೂರ ಇಡಬೇಕು, ಯಾವುದನ್ನು ಬಿಟ್ಟೇಬಿಡಬೇಕು ಎಂಬ ತೀರ್ಮಾನವೇ ವಾಯ್ಸಿಂಗ್. ಅದೇ ಸ್ವರಗಳನ್ನು ಹತ್ತು ಬೆರಳುಗಳಿಗೆ ಕೊಡುವ ಬದಲು ನಾಲ್ಕೈದು ಕಲಾವಿದರಿಗೆ ಹಂಚಿದರೆ ಅದು ಅರೇಂಜಿಂಗ್. ಜಾಝ್‌ನಲ್ಲಿ ಇವೆರಡೂ ಒಂದೇ ವಿದ್ಯೆಯ ಎರಡು ತರಗತಿಗಳು. ದೊಡ್ಡ ಬ್ಯಾಂಡಿನಲ್ಲಿ ಹದಿನಾರು ಹದಿನೇಳು ಜನರಿರುತ್ತಾರೆ. ಒಬ್ಬರ ಸ್ವರ ದುರ್ಬಲವಾದರೆ ಉಳಿದವರು ಮುಚ್ಚಿಕೊಡುತ್ತಾರೆ. ನಾಲ್ಕೈದು ಜನರ ತಂಡದಲ್ಲಿ ಆ ಸವಲತ್ತಿಲ್ಲ. ಬರೆದ ಒಂದೊಂದು ಸ್ವರವೂ ಬೆತ್ತಲೆಯಾಗಿ ಕೇಳುತ್ತದೆ. ಅದಕ್ಕೇ ಸಣ್ಣ ತಂಡಕ್ಕೆ ಬರೆಯುವವರು ಮೊದಲು ಕಲಿಯಬೇಕಾದದ್ದು ಸ್ವರಗಳನ್ನು ಕಡಿಮೆ ಮಾಡುವುದನ್ನು.

ಕರ್ನಾಟಕ ಸಂಗೀತದ ಮೊದಲ ಪಾಠಗಳು ಬಾಯಿಗೆ ಬಂದವರು ಇದನ್ನು ಹಾಡಿಯೇ ತಿಳಿಯಬಹುದು. ಶಂಕರಾಭರಣದ ಸ್ವರಗಳನ್ನು ಒಂದು ಬಿಟ್ಟು ಒಂದರಂತೆ ಪೇರಿಸಿದರೆ ಕಾರ್ಡ್ ಆಗುತ್ತದೆ. ಸ-ಗ-ಪ-ನಿ ಒಂದು ಕಾರ್ಡ್. ರಿಯಿಂದ ಎತ್ತಿಕೊಂಡರೆ ರಿ-ಮ-ದ-ಸ ಇನ್ನೊಂದು. ಪಂಚಮದಿಂದ ಪ-ನಿ-ರಿ-ಮ ಮತ್ತೊಂದು. ಜಾಝ್‌ನ ಸಾವಿರಾರು ಹಾಡುಗಳು ನಡೆಯುವ ದಾರಿ ಇದು: ಮೊದಲು ರಿಯ ಕಾರ್ಡ್, ಆಮೇಲೆ ಪಂಚಮದ್ದು, ಕೊನೆಗೆ ಷಡ್ಜದ್ದು. ಕಲಾವಿದರು ಇದನ್ನು 'ಟೂ-ಫೈವ್-ಒನ್' ಎನ್ನುತ್ತಾರೆ.

ಹೊಸಬರು ಮೂರನ್ನೂ ಬುಡದಿಂದ ನಾಲ್ಕು ನಾಲ್ಕು ಸ್ವರ ಒತ್ತಿ ನುಡಿಸುತ್ತಾರೆ. ಕೈ ಇಡಿಯಾಗಿ ಇಲ್ಲಿಂದ ಅಲ್ಲಿಗೆ ಹಾರುತ್ತದೆ, ಕಿವಿಗೆ ಮೂರು ಬೇರೆ ಬೇರೆ ಗದ್ದಲಗಳು ಬೀಳುತ್ತವೆ. ಪಾಠ ಶುರುವಾಗುವುದು ಇಲ್ಲಿಂದ. ಗುರುಗಳು ಪ್ರತಿ ಕಾರ್ಡ್‌ನಲ್ಲೂ ಬುಡದ ಸ್ವರದಿಂದ ಎಣಿಸಿ ಮೂರನೆಯ ಮತ್ತು ಏಳನೆಯ ಸ್ವರವನ್ನಷ್ಟೇ ಉಳಿಸಿಕೊಳ್ಳಲು ಹೇಳುತ್ತಾರೆ. ಆಗ ರಿಯ ಕಾರ್ಡ್‌ನಲ್ಲಿ ಉಳಿಯುವುದು ಮ ಮತ್ತು ಸ. ಪಂಚಮದ ಕಾರ್ಡ್‌ನಲ್ಲಿ ಮ ಮತ್ತು ನಿ. ಷಡ್ಜದ ಕಾರ್ಡ್‌ನಲ್ಲಿ ಗ ಮತ್ತು ನಿ. ಇಬ್ಬರು ಕುಳಿತು ಈ ಮೂರು ಜೋಡಿಗಳನ್ನು ಹಾಡಬೇಕು. ಮೊದಲಿನವರು ಮ, ಮ, ಗ ಎನ್ನಲಿ. ಎರಡನೆಯವರು ಸ, ನಿ, ನಿ ಎನ್ನಲಿ. ಒಬ್ಬರು ನಿಂತಾಗ ಇನ್ನೊಬ್ಬರು ಅರ್ಧ ಮೆಟ್ಟಿಲು ಇಳಿಯುತ್ತಾರೆ; ಅವರು ನಿಂತಾಗ ಇವರು ಇಳಿಯುತ್ತಾರೆ. ಹಾರಾಟವೇ ಇಲ್ಲ. ಇಷ್ಟೇ ಎರಡು ದನಿಗಳಿಂದ ಒಂದು ಹಾಡಿನ ಇಡೀ ಹಾರ್ಮನಿ ಕಿವಿಯಲ್ಲಿ ಕಟ್ಟಿಕೊಳ್ಳುತ್ತದೆ.

ಮೂರನೆಯ ಸ್ವರ ಕಾರ್ಡ್ ಮೇಜರ್ ಆಗಿದೆಯೋ ಮೈನರ್ ಆಗಿದೆಯೋ ತಿಳಿಸುತ್ತದೆ. ಏಳನೆಯದು ಅದರ ಜೊತೆ ಸೇರಿ, ಆ ಕಾರ್ಡ್ ನಿಂತಿದೆಯೋ ಮುಂದಕ್ಕೆ ಹೊರಡಲು ತುಡಿಯುತ್ತಿದೆಯೋ ಹೇಳುತ್ತದೆ. ಐದನೆಯ ಸ್ವರ ಹೊಸದೇನನ್ನೂ ಹೇಳುವುದಿಲ್ಲ. ತಂಬೂರಿ ಮೀಟಿದವರಿಗೆ ಇದರ ಕಾರಣ ಹೊಸದಲ್ಲ: ಷಡ್ಜದ ತಂತಿಯೊಳಗೇ ಅದರ ಪಂಚಮ ಉಪಸ್ವರವಾಗಿ ಮಿಡಿಯುತ್ತಿರುತ್ತದೆ. ಬಾಸ್ ಒಂದು ಸ್ವರ ನುಡಿಸಿತೆಂದರೆ ಅದರ ಐದನೆಯದು ಹೇಗೂ ಕೊಠಡಿಯಲ್ಲಿದೆ. ಅದಕ್ಕಾಗಿ ಒಂದು ಬೆರಳನ್ನೋ ಒಬ್ಬ ಕಲಾವಿದರನ್ನೋ ಖರ್ಚು ಮಾಡಬೇಕಾಗಿಲ್ಲ.

ಈ ಮಿತವ್ಯಯವನ್ನು ಬದುಕಿನುದ್ದಕ್ಕೂ ಪಾಲಿಸಿದವರು ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್. 1937ರಲ್ಲಿ ಕೌಂಟ್ ಬೇಸಿಯ ಬ್ಯಾಂಡ್ ಸೇರಿದ ಅವರು 1987ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚುಕಡಿಮೆ ಅಲ್ಲೇ ಇದ್ದರು. ಸೋಲೋ ನುಡಿಸಿದ್ದು ತೀರಾ ಅಪರೂಪ. ಆರು ತಂತಿಯ ವಾದ್ಯದಲ್ಲಿ ಮೂರು ಸ್ವರ, ಎಷ್ಟೋ ಸಲ ಗಟ್ಟಿಯಾಗಿ ಕೇಳುವುದು ಒಂದೇ ಒಂದು. ಅಷ್ಟು ದೊಡ್ಡ ಬ್ಯಾಂಡಿಗೆ ಹಾರ್ಮನಿಯ ದಾರಿ ತೋರಿಸಲು ಅದು ಸಾಕಾಗುತ್ತಿತ್ತು.

ಮೂಲ ಸ್ವರವನ್ನೂ ಬಿಡುವುದು ಮುಂದಿನ ಹೆಜ್ಜೆ. ಕೇಳಿದ ಕೂಡಲೇ ಇದು ದುಡುಕು ಎನಿಸಬಹುದು. ರಿಯ ಕಾರ್ಡ್‌ನಲ್ಲಿ ರಿಯೇ ಇಲ್ಲದಿದ್ದರೆ ಹೇಗೆ? ಅದು ಬಾಸ್ ವಾದಕರ ಕೈಯಲ್ಲಿರುತ್ತದೆ. 1950ರ ದಶಕದ ಕೊನೆಗೆ ಬಿಲ್ ಎವನ್ಸ್, ವಿಂಟನ್ ಕೆಲ್ಲಿ, ರೆಡ್ ಗಾರ್ಲಂಡ್ ಮುಂತಾದ ಪಿಯಾನೊ ವಾದಕರು ಎಡಗೈಯಿಂದ ಮೂಲ ಸ್ವರವನ್ನು ಕೈಬಿಟ್ಟು ಆ ಜಾಗಕ್ಕೆ ಒಂಬತ್ತನೆಯದನ್ನೋ ಹದಿಮೂರನೆಯದನ್ನೋ (ಎಣಿಕೆಯನ್ನು ಮೇಲಿನ ಸ್ಥಾಯಿಗೂ ಮುಂದುವರಿಸಿದರೆ ಸಿಗುವ ಎರಡನೆಯ, ಆರನೆಯ ಸ್ವರಗಳಿವು) ತಂದುಕೊಂಡರು. ಆಗ ರಿಯ ಕಾರ್ಡ್ ಮ-ದ-ಸ-ಗ ಆಗುತ್ತದೆ. ಪಂಚಮದ ಕಾರ್ಡ್ ಮ-ದ-ನಿ-ಗ. ಇವೆರಡನ್ನು ಒಟ್ಟಿಗಿಟ್ಟು ನೋಡಬೇಕು: ನಾಲ್ಕು ಬೆರಳುಗಳಲ್ಲಿ ಅಲುಗಿದ್ದು ಒಂದೇ, ಸದಿಂದ ನಿಗೆ. ಅಲ್ಲಿಂದ ಷಡ್ಜದ ಕಾರ್ಡ್‌ಗೆ ಗ-ಪ-ನಿ-ರಿ. ನಿ ಇದ್ದಲ್ಲೇ ಇದ್ದು ಉಳಿದ ಮೂರೂ ಒಂದೊಂದು ಮೆಟ್ಟಿಲು ಕೆಳಗೆ. ಇಷ್ಟು ಸಣ್ಣ ಚಲನೆಯಲ್ಲಿ ಇಷ್ಟು ದೊಡ್ಡ ಪಯಣ ಮುಗಿಯುವುದನ್ನು ಮೊದಲ ಸಲ ಕೈಯಾರೆ ಕಂಡುಕೊಂಡವರು ಅದನ್ನು ಮರೆಯುವುದಿಲ್ಲ.

ಬಾಸ್ ವಾದಕರಿಗೂ ಇದರಿಂದ ಸ್ವಾತಂತ್ರ್ಯ ಸಿಕ್ಕಿತು. ಪಂಚಮದ ಕಾರ್ಡ್‌ನ ಜೀವಾಳವಾದ ಮ-ನಿ ಜೋಡಿ ಇನ್ನೊಂದು ಕಾರ್ಡ್‌ನಲ್ಲೂ ಇದೆ. ಶುದ್ಧ ಋಷಭದ ಮೇಲೆ ಕಟ್ಟಿದ್ದರಲ್ಲಿ. ಹಾಗಾಗಿ ಪಿಯಾನೊ ಮ-ನಿ ಹಿಡಿದಿರುವಾಗ ಬಾಸ್ ಪಂಚಮವನ್ನು ಬಿಟ್ಟು ಶುದ್ಧ ಋಷಭಕ್ಕೆ ಜಾರಬಹುದು. ಚತುಶ್ರುತಿ ಋಷಭ, ಶುದ್ಧ ಋಷಭ, ಷಡ್ಜ: ಅಡಿಪಾಯವೇ ಅರ್ಧರ್ಧ ಮೆಟ್ಟಿಲು ಇಳಿದು ಬಂದು ಮನೆ ಸೇರುತ್ತದೆ. ಎವನ್ಸ್, ಸ್ಕಾಟ್ ಲಾಫಾರೊ, ಪಾಲ್ ಮೋಷನ್ ಮೂವರ ತಂಡ 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ಮಾಡಿದ ಧ್ವನಿಮುದ್ರಣದಲ್ಲಿ ಬಾಸ್ ತಾಳ ಕಾಯುವ ಕೆಲಸವನ್ನಷ್ಟೇ ಮಾಡದೆ ಪಿಯಾನೊ ಜೊತೆ ಸರಿಸಮ ಮಾತಾಡುತ್ತದೆ. ಎಡಗೈ ಕೆಳಗಿನ ಸ್ಥಾಯಿಯನ್ನು ಖಾಲಿ ಬಿಟ್ಟದ್ದರಿಂದ ಆ ಮಾತಿಗೆ ಜಾಗವಾಯಿತು. ಮುದ್ರಣವಾದ ಹನ್ನೊಂದನೆಯ ದಿನ ಲಾಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 25 ವರ್ಷ.

ಕೆಳಗಿನ ಸ್ಥಾಯಿಯ ವಿಷಯದಲ್ಲಿ ಕಲಿಯುವವರೆಲ್ಲ ಎಡವುತ್ತಾರೆ. ಮಧ್ಯ ಸ್ಥಾಯಿಯಲ್ಲಿ ಸಿಹಿಯಾಗಿ ಕೇಳುವ ಸ-ಗ ಜೋಡಿಯನ್ನು ಎರಡು ಸ್ಥಾಯಿ ಕೆಳಗೆ ಒತ್ತಿದರೆ ಗುರುಗುಟ್ಟುತ್ತದೆ. ಪ್ರತಿ ಸ್ವರವೂ ಉಪಸ್ವರಗಳ ಕಂತೆ. ಮಂದ್ರದಲ್ಲಿ ಪಕ್ಕಪಕ್ಕದ ಎರಡು ಕಂತೆಗಳನ್ನು ಬಿಡಿಸಿ ಕೇಳುವುದು ಕಿವಿಗೆ ಆಗುವುದಿಲ್ಲ, ಕೇಳುವುದು ಒರಟು ಕಂಪನ ಮಾತ್ರ. ಅದಕ್ಕೇ ಕೆಳಗೆ ಪಂಚಮದಷ್ಟೋ ನಿಷಾದದಷ್ಟೋ ಅಗಲದ ಅಂತರ, ಮೇಲೆ ಹೋದಂತೆ ಇಕ್ಕಟ್ಟು. ಬಡ್ ಪವೆಲ್ ಎಡಗೈಯಲ್ಲಿ ಎಷ್ಟೋ ಕಡೆ ಮೂಲ ಸ್ವರ ಮತ್ತು ಏಳನೆಯದು, ಈ ಎರಡನ್ನೇ ನುಡಿಸುತ್ತಿದ್ದರು. ಅಲ್ಲಿ ಮೂರನೆಯ ಸ್ವರ ತುರುಕಿದ್ದರೆ ಬಲಗೈಯ ಮಿಂಚಿನ ಓಟಕ್ಕೆ ಮಸಿ ಬಳಿದಂತಾಗುತ್ತಿತ್ತು.

ಪೂರ್ತಿ ತುಂಬಿದ ದನಿಯೇ ಬೇಕಾದಾಗ ಅದಕ್ಕೂ ದಾರಿಯಿದೆ. ಲಂಡನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ, ಹುಟ್ಟುಕುರುಡರಾದ ಜಾರ್ಜ್ ಶಿಯರಿಂಗ್ 1949ರಲ್ಲಿ ಕಟ್ಟಿದ ಐವರ ತಂಡದ ದನಿ ಇದಕ್ಕೆ ಒಳ್ಳೆಯ ಪಾಠ. ಬಲಗೈಯಲ್ಲಿ ಮೇಲೆ ಹಾಡಿನ ಸ್ವರ, ಅದರ ಕೆಳಗೆ ಅಂಟಿಕೊಂಡು ಕಾರ್ಡ್‌ನ ಮೂರು ಸ್ವರ. ಎಡಗೈಯಲ್ಲಿ ಹಾಡಿನದೇ ಸ್ವರ ಒಂದು ಸ್ಥಾಯಿ ಕೆಳಗೆ. ಎರಡೂ ಕೈ ಬೀಗ ಹಾಕಿದಂತೆ ಒಟ್ಟಿಗೆ ಚಲಿಸುತ್ತವೆ. ಇದನ್ನು ಮೊದಲು ರೂಢಿಗೆ ತಂದವರು ಮಿಲ್ಟ್ ಬಕ್ನರ್. ಶಿಯರಿಂಗ್ ಮಾಡಿದ ಹೊಸದೆಂದರೆ ಮೇಲಿನ ಸ್ವರಕ್ಕೆ ವೈಬ್ರಾಫೋನ್, ಕೆಳಗಿನ ಸ್ವರಕ್ಕೆ ಗಿಟಾರ್ ಜೋಡಿಸಿದ್ದು. 'ಸೆಪ್ಟೆಂಬರ್ ಇನ್ ದಿ ರೇನ್' ಕೇಳಿದರೆ ಮೂರು ವಾದ್ಯಗಳು ಸೇರಿ ಹೆಸರಿಲ್ಲದ ನಾಲ್ಕನೆಯ ವಾದ್ಯವಾಗುವುದು ಗೊತ್ತಾಗುತ್ತದೆ. ಪಿಯಾನೊ ವಾದಕರ ಕೈಯ ಉಪಾಯ ಅರೇಂಜ್‌ಮೆಂಟ್ ಆಗುವುದು ಹೀಗೆ.

ಹೀಗೆ ಒತ್ತಾಗಿ ಕಟ್ಟಿದ ಸ-ಗ-ಪ-ನಿಯಲ್ಲಿ ಮೇಲಿನಿಂದ ಎರಡನೆಯ ಸ್ವರವನ್ನು, ಅಂದರೆ ಪವನ್ನು, ಒಂದು ಸ್ಥಾಯಿ ಕೆಳಗಿಳಿಸಿದರೆ ಪ-ಸ-ಗ-ನಿ ಆಗುತ್ತದೆ. 'ಡ್ರಾಪ್ ಟೂ' ಎಂಬ ಈ ಉಪಾಯ ಗಿಟಾರ್ ವಾದಕರಿಗೆ ಪ್ರಾಣ, ಏಕೆಂದರೆ ಒತ್ತು ಕಾರ್ಡ್‌ಗಳಿಗೆ ಬೆರಳು ಎಟಕುವುದು ಕಷ್ಟ. ನಾಲ್ಕು ಊದುವಾದ್ಯಗಳಿಗೆ ಬರೆಯುವವರಿಗೂ ಇದು ಮೊದಲ ಆಸರೆ.

ಇಲ್ಲಿಂದ ಮುಂದಿನ ಪಾಠಕ್ಕೆ ನ್ಯೂಯಾರ್ಕ್‌ನ ಪಶ್ಚಿಮ 55ನೇ ಬೀದಿಯ ಒಂದು ನೆಲಮಾಳಿಗೆಗೆ ಹೋಗಬೇಕು. ಚೀನೀ ಲಾಂಡ್ರಿಯೊಂದರ ಹಿಂಬದಿಯ ಆ ಕೋಣೆಯಲ್ಲಿ ಅರೇಂಜರ್ ಗಿಲ್ ಎವನ್ಸ್ (ಪಿಯಾನೊ ವಾದಕ ಬಿಲ್ ಎವನ್ಸ್ ಬೇರೆ) ವಾಸವಾಗಿದ್ದರು. 1940ರ ದಶಕದ ಕೊನೆಯಲ್ಲಿ ಅಲ್ಲಿಗೆ ಹೊತ್ತುಗೊತ್ತಿಲ್ಲದೆ ಬರುತ್ತಿದ್ದವರಲ್ಲಿ ಮೈಲ್ಸ್ ಡೇವಿಸ್, ಜೆರಿ ಮಲಿಗನ್, ಜಾನ್ ಲೂಯಿಸ್ ಇದ್ದರು. ಗಿಲ್ ಎವನ್ಸ್ ಅದಕ್ಕೆ ಮುಂಚೆ ಕ್ಲಾಡ್ ಥಾರ್ನ್‌ಹಿಲ್‌ನ ದೊಡ್ಡ ಬ್ಯಾಂಡಿಗೆ ಬರೆಯುತ್ತಿದ್ದರು. ಫ್ರೆಂಚ್ ಹಾರ್ನ್, ಟ್ಯೂಬಾಗಳಿದ್ದ ಆ ಬ್ಯಾಂಡಿನ ದನಿ ಮೋಡದಂತೆ ನಿಧಾನವಾಗಿ ತೇಲುತ್ತಿತ್ತು. ಅದೇ ಬಣ್ಣ ಬರಬೇಕು, ಜನ ಮಾತ್ರ ಆದಷ್ಟು ಕಡಿಮೆ ಇರಬೇಕು. ಎಷ್ಟು ಜನ ಬೇಕಾದೀತು? ಅವರ ಉತ್ತರ: ಒಂಬತ್ತು. ಟ್ರಂಪೆಟ್, ಟ್ರಾಂಬೋನ್, ಫ್ರೆಂಚ್ ಹಾರ್ನ್, ಟ್ಯೂಬಾ, ಆಲ್ಟೊ ಮತ್ತು ಬ್ಯಾರಿಟೋನ್ ಸ್ಯಾಕ್ಸೊಫೋನ್, ಜೊತೆಗೆ ಪಿಯಾನೊ, ಬಾಸ್, ಡ್ರಮ್ಸ್.

1948ರ ಸೆಪ್ಟೆಂಬರ್‌ನಲ್ಲಿ ಈ ತಂಡ ರಾಯಲ್ ರೂಸ್ಟ್ ಕ್ಲಬ್ಬಿನಲ್ಲಿ ನುಡಿಸಿದಾಗ ಹೊರಗಿನ ಫಲಕದಲ್ಲಿ ಅರೇಂಜ್ ಮಾಡಿದವರ ಹೆಸರುಗಳನ್ನೂ ಡೇವಿಸ್ ಹಾಕಿಸಿದ್ದರು. ಆ ಕಾಲಕ್ಕೆ ಅದು ಕೇಳರಿಯದ ಸಂಗತಿ. 1949 ಮತ್ತು 1950ರಲ್ಲಿ ಮೂರು ಕಂತುಗಳಲ್ಲಿ ಹನ್ನೆರಡು ಹಾಡುಗಳು ಮುದ್ರಣವಾದವು. ಅವುಗಳಲ್ಲಿ ಹನ್ನೊಂದು 'ಬರ್ತ್ ಆಫ್ ದಿ ಕೂಲ್' ಎಂಬ ಹೆಸರಿನ ಎಲ್‌ಪಿ ಆಗಿ ಬಂದದ್ದು 1957ರಲ್ಲಿ. ಗಿಲ್ ಎವನ್ಸ್ ಅರೇಂಜ್ ಮಾಡಿದ 'ಬಾಪ್ಲಿಸಿಟಿ'ಯನ್ನು ಒಂದೊಂದು ವಾದ್ಯದ ಬೆನ್ನು ಹಿಡಿದು ಕೇಳಬೇಕು. ಕೆಳಗಿನ ಟ್ಯೂಬಾ ಕೂಡ ಹಾಡುತ್ತಿರುತ್ತದೆ. ಬರೇ ಲೆಕ್ಕ ಭರ್ತಿಗೆ ಕೂತ ಸ್ವರವಲ್ಲ.

ಸಣ್ಣ ತಂಡಕ್ಕೆ ಬರೆಯುವ ವಿದ್ಯೆಯಲ್ಲಿ ಅತಿ ಕಷ್ಟದ್ದು ಇದೇ. ಕಲಿಯುವವರು ಕಾಗದದ ಮೇಲೆ ಕಾರ್ಡ್‌ಗಳನ್ನು ಕಂಬದಂತೆ ನಿಲ್ಲಿಸುತ್ತಾರೆ. ಒಂದೊಂದು ಕಂಬವೂ ಸರಿಯಾಗಿರುತ್ತದೆ. ಆದರೆ ಮಧ್ಯದ ಟ್ರಾಂಬೋನ್‌ನವರಿಗೆ ಸಿಕ್ಕಿದ್ದು ಏನು ಎಂದು ಅಡ್ಡಲಾಗಿ ಓದಿದರೆ ನಾಲ್ಕು ಬಾರ್ ಒಂದೇ ಸ್ವರ, ಐದನೆಯದರಲ್ಲಿ ಕಾರಣವಿಲ್ಲದ ಒಂದು ನೆಗೆತ. ಅದನ್ನು ಯಾರೂ ಮನಸ್ಸಿಟ್ಟು ಊದಲಾರರು. ಪಿಯಾನೊದ ಮಧ್ಯದ ಬೆರಳು ಬೇಜಾರು ಮಾಡಿಕೊಳ್ಳುವುದಿಲ್ಲ, ಮನುಷ್ಯ ಮಾಡಿಕೊಳ್ಳುತ್ತಾನೆ. ಆ ಬೇಜಾರು ದನಿಯಲ್ಲಿ ಕೇಳುತ್ತದೆ. ಬರೆದ ಪ್ರತಿ ಪಾಲನ್ನೂ ಬರೆದವರೇ ಬಾಯಿಬಿಟ್ಟು ಹಾಡಿ ನೋಡಬೇಕು. ಹಾಡಲು ಬಾರದಿದ್ದರೆ ಅಳಿಸಿ ಮತ್ತೆ ಬರೆಯಬೇಕು. ಒಂದು ಬಾರ್‌ನಲ್ಲಿ ಕಾರ್ಡ್ ಸ್ವಲ್ಪ ಬಡವಾದರೂ ಸಾಲು ಚೆನ್ನಾಗಿದ್ದರೆ ಕೇಳುವವರು ಅದನ್ನೇ ಮೆಚ್ಚುತ್ತಾರೆ.

ಊದುವಾದ್ಯ ಎರಡೇ ಇದ್ದರೆ? ಹೊರೇಸ್ ಸಿಲ್ವರ್ ತಮ್ಮ ಐವರ ತಂಡಕ್ಕೆ, ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸೊಫೋನ್ ಇಟ್ಟುಕೊಂಡು, ದಶಕಗಳ ಕಾಲ ಬರೆದರು. ಟ್ರಂಪೆಟ್ ಹಾಡಿನ ಸ್ವರ ಹಿಡಿದರೆ ಟೆನರ್ ಅದರ ಕೆಳಗೆ ಹತ್ತಿರದ ಮೂರನೆಯದನ್ನೋ ಏಳನೆಯದನ್ನೋ ಹಿಡಿಯುತ್ತದೆ. ಉಳಿದದ್ದು ಪಿಯಾನೊ ಪಾಲಿಗೆ. ಇಬ್ಬರೂ ಒಂದೇ ಸ್ವರ ಊದುವುದೂ ಅರೇಂಜಿಂಗೇ. ಒಂದು ಸಾಲನ್ನು ಒಂದೇ ದನಿಯಲ್ಲಿ ಓಡಿಸಿ ಕೊನೆಯ ಎರಡು ಸ್ವರಗಳಲ್ಲಿ ಮಾತ್ರ ಬೇರೆಯಾದರೆ ಆ ಜಾಗ ತಟ್ಟನೆ ಬೆಳಗುತ್ತದೆ. ಹಾಡಿಗೊಂದು ಪೀಠಿಕೆ, ಸೋಲೋಗಳ ನಡುವೆ ಒಂದು ಸೇತುವೆ, ಸೋಲೋ ಹಿಂದೆ ಸಣ್ಣ ಆವರ್ತನೆಗಳು: ಐದು ಜನರ ತಂಡ ಹಾಡನ್ನು ಬರೀ ಸೋಲೋಗಳ ಸರದಿಯಾಗಲು ಬಿಡದೆ ಒಂದು ರಚನೆಯಾಗಿ ಕಟ್ಟಬಹುದೆಂದು ಸಿಲ್ವರ್ ತೋರಿಸಿದರು.

1952ರಲ್ಲಿ ಲಾಸ್ ಏಂಜಲಿಸ್‌ನ ಹೇಗ್ ಕ್ಲಬ್ಬಿನಲ್ಲಿ ಜೆರಿ ಮಲಿಗನ್ ಇನ್ನೂ ಮುಂದೆ ಹೋಗಿ ಪಿಯಾನೊವನ್ನೇ ತೆಗೆದರು. ಚೆಟ್ ಬೇಕರ್ ಟ್ರಂಪೆಟ್, ತಮ್ಮ ಬ್ಯಾರಿಟೋನ್, ಬಾಸ್, ಡ್ರಮ್ಸ್. ಕಾರ್ಡ್ ನುಡಿಸುವ ವಾದ್ಯವೇ ಇಲ್ಲ. ಬಾಸ್‌ನ ಮೂಲ ಸ್ವರ, ಟ್ರಂಪೆಟ್‌ನ ಹಾಡು, ಇವೆರಡರ ನಡುವೆ ಬ್ಯಾರಿಟೋನ್ ಹಾಕುವ ಒಂದು ಸ್ವರ. ಆ ಒಂದು ಸ್ವರ ಸರಿಯಾದದ್ದಾಗಿದ್ದರೆ ಇಡೀ ಕಾರ್ಡ್ ಕೇಳಿದಂತಾಗುತ್ತದೆ. ವಾಯ್ಸಿಂಗ್ ಕಲಿಯುವವರಿಗೆ ಈ ಮುದ್ರಣಗಳಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ: ಬ್ಯಾರಿಟೋನ್ ಊದಿದ್ದು ಕಾರ್ಡ್‌ನ ಎಷ್ಟನೆಯ ಸ್ವರ ಎಂದು ಬಾರ್ ಬಾರ್‌ಗೂ ಬರೆದುಕೊಳ್ಳುತ್ತ ಹೋಗಬೇಕು.

ಕಾಗದದ ಕೆಲಸವೂ ಕಡಿಮೆಯಲ್ಲ. ಟ್ರಂಪೆಟ್ ಮತ್ತು ಟೆನರ್‌ನವರು ತಮ್ಮ ಹಾಳೆಯಲ್ಲಿ 'ಸಿ' ಎಂದಿರುವುದನ್ನು ಊದಿದರೆ ಕೇಳುವುದು ಪಿಯಾನೊದ 'ಬಿ ಫ್ಲಾಟ್'. ಆಲ್ಟೊದವರು ಊದಿದರೆ 'ಇ ಫ್ಲಾಟ್'. ಕದ್ರಿ ಗೋಪಾಲನಾಥರ ಕೈಯಲ್ಲಿ ಕನ್ನಡಿಗರು ಕೇಳಿ ಮೆಚ್ಚಿದ್ದು ಈ ಆಲ್ಟೊವನ್ನೇ. ಹೀಗಾಗಿ ಒಬ್ಬೊಬ್ಬರ ಹಾಳೆಯನ್ನೂ ಬೇರೆ ಬೇರೆ ಶ್ರುತಿಗೆ ಬದಲಿಸಿ ಬರೆದುಕೊಡಬೇಕು. ಯಾವ ಸ್ಥಾಯಿಯಲ್ಲಿ ಯಾವ ವಾದ್ಯದ ದನಿ ಹೇಗೆ ಎಂಬುದೂ ತಿಳಿದಿರಬೇಕು. ಟ್ರಂಪೆಟ್ ತನ್ನ ಕೆಳಗಿನ ಸ್ವರಗಳಲ್ಲಿ ಮೆತ್ತಗೆ, ಟೆನರ್ ತನ್ನ ಮೇಲಿನ ಸ್ವರಗಳಲ್ಲಿ ಕೂಗುವಂತೆ. ಇಬ್ಬರನ್ನೂ ಅಲ್ಲಿಟ್ಟರೆ ಹಾಡು ಟ್ರಂಪೆಟ್‌ನಲ್ಲಿದ್ದರೂ ಕೇಳುವುದು ಟೆನರ್.

ಹಾಡುಗಳ ಸ್ವರ ಮತ್ತು ಕಾರ್ಡ್ ಹೆಸರುಗಳಿರುವ 'ರಿಯಲ್ ಬುಕ್' 1970ರ ದಶಕದಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ಆಸುಪಾಸಿನಲ್ಲಿ ಹುಟ್ಟಿ, ಹಕ್ಕು ಪಡೆಯದೆ ಕೈಯಿಂದ ಕೈಗೆ ದಾಟುತ್ತಿತ್ತು. ಕಾನೂನುಬದ್ಧ ಆವೃತ್ತಿ ಬಂದದ್ದು 2004ರಲ್ಲಿ. ಅದರಲ್ಲಿ ಕಾರ್ಡ್‌ನ ಹೆಸರಿದೆ, ವಾಯ್ಸಿಂಗ್ ಇಲ್ಲ. ಅದನ್ನು ಮುದ್ರಣಗಳಿಂದ ಕಿವಿಯಾರೆ ಹೆಕ್ಕಿಕೊಳ್ಳಬೇಕು, ಇಲ್ಲವೇ ಬಲ್ಲವರ ಪಕ್ಕ ನಿಂತು ಕಲಿಯಬೇಕು. ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಪಿಯಾನೊ ವಾದಕ ಬ್ಯಾರಿ ಹ್ಯಾರಿಸ್ 2021ರಲ್ಲಿ ತೀರಿಕೊಳ್ಳುವ ಹೊತ್ತಿಗೂ ಪಾಠ ಬಿಟ್ಟಿರಲಿಲ್ಲ. ಅವರ ತರಗತಿಯಲ್ಲಿ ಪಿಯಾನೊ ಸುತ್ತ ಜನ ಗುಂಪುಗೂಡಿ, ಶಂಕರಾಭರಣದ ಏಳು ಸ್ವರಗಳ ಜೊತೆ ಶುದ್ಧ ಧೈವತವನ್ನೂ ಸೇರಿಸಿದ ಎಂಟು ಸ್ವರಗಳ ಏಣಿಯ ಮೇಲೆ ಕಾರ್ಡ್‌ಗಳನ್ನು ಹತ್ತಿಸಿ ಇಳಿಸುವುದನ್ನು ನೋಡುತ್ತಿದ್ದರು. ಆ ಏಣಿಯ ಒಂದು ಮೆಟ್ಟಿಲಲ್ಲಿ ಸ-ಗ-ಪ-ದ, ಮುಂದಿನದರಲ್ಲಿ ಅದರಿಂದ ಹೊರಟು ಅದಕ್ಕೇ ಮರಳಬೇಕೆನ್ನುವ ಇನ್ನೊಂದು ಕಾರ್ಡ್. ಅವರ ದೃಷ್ಟಿಯಲ್ಲಿ ಕಾರ್ಡ್ ಎಂದರೆ ನಿಂತ ವಸ್ತುವಲ್ಲ, ನಡೆಯುತ್ತಿರುವುದು.

ಈ ವಿದ್ಯೆ ನಮ್ಮ ಸಂಗೀತಕ್ಕೆ ಎದುರಾದ ಕಡೆ ನಿಯಮಗಳೇ ತಿರುಗುಮುರುಗಾಗುತ್ತವೆ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ. ಅಕ್ಕಪಕ್ಕದ ಸ್ವರಗಳನ್ನು ಮುಟ್ಟಿ ತೂಗುವ ಗಮಕವೇ ಅದರ ರೂಪ. ಪಿಯಾನೊ ಅಥವಾ ಗಿಟಾರ್ ಆ ಗಾಂಧಾರವನ್ನು ಕಾರ್ಡ್‌ನ ಮೂರನೆಯ ಸ್ವರವಾಗಿ ನೆಟ್ಟು ಹಿಡಿದರೆ ಎರಡೂ ತಿಕ್ಕಾಡುತ್ತವೆ. ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ, ನಾಗಸ್ವರವನ್ನೂ ಕಲಿತ ಚಾರ್ಲಿ ಮರಿಯಾನೊ 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ 'ಜ್ಯೋತಿ' ಮುದ್ರಿಸಿದಾಗ ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ, ಜೊತೆಗೆ ಘಟ, ಖಂಜಿರ ಇದ್ದವು. ಕಾರ್ಡ್ ನುಡಿಸುವ ವಾದ್ಯ ಇರಲಿಲ್ಲ. 2008ರ 'ಕಿನ್ಸ್‌ಮೆನ್'ನಲ್ಲಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಮತ್ತು ಕದ್ರಿ ಗೋಪಾಲನಾಥ್ ಎರಡು ಆಲ್ಟೊಗಳೊಂದಿಗೆ ಎದುರುಬದುರಾದರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗದ ಪಕ್ಕದಲ್ಲಿ ರೆಜ್ ಅಬ್ಬಾಸಿಯ ಗಿಟಾರ್ ಕೂಡ ಅಲ್ಲಿದೆ.

ಇಂಥ ತಂಡಕ್ಕೆ ಬರೆಯಲು ಕೂತವರು ಜಾಝ್ ಪಾಠದಲ್ಲಿ ಎಲ್ಲಕ್ಕಿಂತ ಮೊದಲು ಉಳಿಸಿಕೊಂಡ ಮೂರನೆಯ ಸ್ವರವನ್ನು ಇಲ್ಲಿ ಎಲ್ಲಕ್ಕಿಂತ ಮೊದಲು ಕೈಬಿಡಬೇಕಾಗುತ್ತದೆ. ಅಗತ್ಯವಿಲ್ಲವೆಂದು ಬಿಟ್ಟಿದ್ದ ಪಂಚಮ ಮರಳಿ ಬರುತ್ತದೆ. ಗಿಟಾರ್ ಮಂದ್ರದ ಸ, ಪ, ಅದರ ಮೇಲೆ ಇನ್ನೊಂದು ಸ ಅಥವಾ ಮ, ಇಷ್ಟನ್ನು ಹಿಡಿದು ಗಾಂಧಾರದ ಜಾಗವನ್ನು ಗಾಯಕಿಗೋ ಪಿಟೀಲಿಗೋ ಪೂರ್ತಿ ಖಾಲಿ ಬಿಟ್ಟುಕೊಡುತ್ತದೆ. ಗಮಕ ಮುಗಿದು ರಾಗ ಷಡ್ಜಕ್ಕೋ ಪಂಚಮಕ್ಕೋ ಬಂದು ನಿಂತಾಗ ಮಾತ್ರ ಒಂದೆರಡು ಸ್ವರ ಹೆಚ್ಚು ಸೇರಿಸಬಹುದು, ಮುಂದಿನ ಸಂಚಾರ ಶುರುವಾಗುವುದರೊಳಗೆ ಬೆರಳು ಎತ್ತಬೇಕು.